ಕಾಲು ಚಾಚಲು ದಿಕ್ಕಿಲ್ಲ

ನಮ್ಮ ಮನೆಯಲ್ಲಿ ಕಾಯಿಲೆಗಳಿಗೂ ಅಂತಸ್ತಿದೆ. ಅತ್ತೆಯವರ ಬೀಪಿಗೆ ಅಗ್ರಪೂಜೆ. ಅದಕ್ಕೊಂದು ಯಂತ್ರ, ಒಂದು ನೋಟ್‌ಬುಕ್ಕು, ಬೆಳಿಗ್ಗೆ ಸಂಜೆ ಅಳೆದು ಬರೆದಿಡಲು ಒಬ್ಬ ಮಗ. ಆ ಮಗನ, ಅಂದರೆ ನಮ್ಮ ಯಜಮಾನರ, ಸಕ್ಕರೆ ಕಾಯಿಲೆಗೆ ಎರಡನೆಯ ಮರ್ಯಾದೆ. ಹೋಳಿಗೆ ಬಡಿಸುವವರು ಎದುರಿಗೆ ಬಂದಾಗ ಅದು ಸ್ವಲ್ಪ ಹೊತ್ತು ರಜೆ ಹಾಕುತ್ತದಾದರೂ ಗೌರವಕ್ಕೇನೂ ಕುಂದಿಲ್ಲ. ಸೊಸೆಗೆ ಮೈಗ್ರೇನ್ ಬಂದ ದಿನ ಕುಕ್ಕರು ಕೂಡ ಮೆತ್ತಗೆ ಕೂಗಬೇಕು. ಇಷ್ಟು ಜನ ಸ್ಥಿತಿವಂತರ ನಡುವೆ ನಾನೊಬ್ಬಳು ಏನೂ ಇಲ್ಲದವಳು.

ಎಡಗಾಲಿನ ಮೀನಖಂಡದ ಮೇಲೆ ನೀಲಿ ಗಂಟುಗಳಿದ್ದವು, ಸುಳ್ಳಲ್ಲ. ಮಗ ಹೊಟ್ಟೆಯಲ್ಲಿದ್ದಾಗ ಕಾಣಿಸಿಕೊಂಡವು, ಮಗಳ ಹೊತ್ತಿಗೆ ಮಡಿಕೇರಿ ಘಾಟಿಯ ರಸ್ತೆಯಷ್ಟು ತಿರುವು ಪಡೆದವು. ಆದರೆ ಸೀರೆ ಉಡುವವಳ ಕಾಲು ಊರಿಗೆ ಕಾಣುವುದಿಲ್ಲ. ಕಾಣದ ಕಾಯಿಲೆಗೆ ಕನಿಕರವೂ ಸಿಗುವುದಿಲ್ಲ. ವೇರಿಕೋಸ್ ವೇನ್ಸ್ ಅನ್ನುವ ಹೆಸರನ್ನು ಆಗಾಗ ಮಾತಿನ ನಡುವೆ ತೂರಿಸಿ ನೋಡಿದ್ದೆ. "ಅದು ಎಲ್ಲರಿಗೂ ಇರುತ್ತೆ ಬಿಡೇ" ಅಂದು ಅತ್ತೆಯವರು ತಮ್ಮ ಬೀಪಿಯ ಕಡೆಗೆ ಮಾತು ತಿರುಗಿಸುತ್ತಿದ್ದರು.

ಯುಗಾದಿಗೆ ನನ್ನ ದೆಸೆ ತಿರುಗಿತು. ಹಬ್ಬದ ಹಿಂದಿನ ದಿನದಿಂದ ಒಲೆಯ ಮುಂದೆ ನಿಂತು ಒಬ್ಬಟ್ಟು ಬೇಯಿಸಿದ್ದೆ. ಹಬ್ಬ ಮುಗಿದ ಬೆಳಿಗ್ಗೆ ನೋಡಿದರೆ ಮಂಡಿಯ ಕೆಳಗೆ, ಒಳಬದಿಯಲ್ಲಿ, ಒಂದು ಕೆಂಪು ಗೆರೆ. ಮುಟ್ಟಿದರೆ ಬಿಸಿ. ಚರ್ಮದಡಿಯಲ್ಲಿ ಗಟ್ಟಿಯಾದ ಹುರಿ. ಒತ್ತಿದರೆ ಜೀವ ಹೋಗುವ ನೋವು. ಮನೆಯವರೆಲ್ಲ ನನ್ನ ಕಾಲಿನ ಸುತ್ತ ನೆರೆದರು. ಮದುವೆಯಾಗಿ ಬಂದ ದಿನ ಸೇರು ಒದೆಯುವಾಗ ಬಿಟ್ಟರೆ ಈ ಕಾಲನ್ನು ಇಷ್ಟು ಜನ ಒಟ್ಟಿಗೆ ನೋಡಿದ್ದಿಲ್ಲ.

"ಸೊಳ್ಳೆ ಇರಬೇಕು" ಎಂದರು ಯಜಮಾನರು. ಎದುರುಮನೆಯಾಕೆ ಬಗ್ಗಿ ನೋಡಿ, "ಸರ್ಪಸುತ್ತು ಕಣ್ರೀ. ತಲೆ ಬಾಲ ಕೂಡಿದರೆ ಕಷ್ಟ" ಎಂದು ಹೇಳಿ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ತಲೆ ಬಾಲ ಕೂಡುತ್ತವೋ ಇಲ್ಲವೋ ತಿಳಿಯಲೆಂದು ಯಜಮಾನರು ಬಾಲ್‌ಪೆನ್ನು ತಂದು ಗೆರೆಯ ಎರಡೂ ತುದಿಗೆ ಗುರುತು ಹಾಕಿದರು. ಬ್ಯಾಂಕಿನಲ್ಲಿದ್ದವರು, ಗುರುತು ಹಾಕದೆ ಯಾವುದನ್ನೂ ಮುಂದಕ್ಕೆ ಬಿಟ್ಟವರಲ್ಲ. ಸೊಸೆ ಫೋಟೊ ತೆಗೆದು ಮನೆಯ ಗ್ರೂಪಿಗೆ ಹಾಕಿದಳು. ನಾನು ಪಾಸ್‌ಪೋರ್ಟ್ ಮಾಡಿಸುವ ಮೊದಲೇ ನನ್ನ ಕಾಲು ಮಗಳಿರುವ ಕ್ಯಾಲಿಫೋರ್ನಿಯಾ ತಲುಪಿತು. ಅಷ್ಟರಲ್ಲಿ ಅತ್ತೆಯವರು ಬಟ್ಟಲಲ್ಲಿ ಬಿಸಿ ಹರಳೆಣ್ಣೆ ಹಿಡಿದು, ತೋಳು ಮೇಲೇರಿಸಿ ಬಂದೇಬಿಟ್ಟರು. "ನರ ಸಿಕ್ಕಿಕೊಂಡಿದೆ. ಒಂದು ಸಲ ಜಗ್ಗಿ ನೀವಿದರೆ ಬಿಡುತ್ತೆ." ಅವರು ಜಗ್ಗಿ ನೀವಿದ ಮೇಲೆ ನೋವಿದೆ ಎಂದು ಹೇಳಿದವರು ನಮ್ಮ ವಂಶದಲ್ಲೇ ಇಲ್ಲ, ಹೇಳುವ ಧೈರ್ಯ ಯಾರಿಗೂ ಬಂದಿಲ್ಲ. ನಾನು ಕುಂಟುತ್ತಲೇ ಆಟೊ ಹತ್ತಿದೆ.

ಡಾಕ್ಟರು ಮಗಳ ವಯಸ್ಸಿನ ಹುಡುಗಿ. ಮೊದಲು ಕೇಳಿದ್ದೇ "ಉಜ್ಜಿದ್ರಾ ಅಮ್ಮಾ?" ಎಂದು. ಉಜ್ಜುವವರಿಂದ ತಪ್ಪಿಸಿಕೊಂಡು ಬಂದೆ ಅಂದಾಗ ಬಹಳ ಸಂತೋಷಪಟ್ಟರು. ಪೆನ್ನಿನ ಗುರುತು ನೋಡಿ "ಇದು ಒಳ್ಳೇ ಕೆಲಸ, ಕೆಂಪು ಹರಡುತ್ತಿದೆಯಾ ಇಲ್ಲವಾ ತಿಳಿಯುತ್ತೆ" ಎಂದರು. ಯಜಮಾನರು ಅಂದಿನಿಂದ ಅರ್ಧ ಡಾಕ್ಟರಾದರು.

ಆಮೇಲೆ ಡಾಪ್ಲರ್ ಸ್ಕ್ಯಾನು. ಕಾಲಿಗೆ ತಣ್ಣನೆಯ ಲೋಳೆ ಸವರಿ, ಒಂದು ಪುಟ್ಟ ಉಪಕರಣವನ್ನು ತೊಡೆಯ ಸಂದಿಯಿಂದ ಕಣಕಾಲಿನವರೆಗೆ ಒತ್ತುತ್ತಾ ಬಂದರು. ಪರದೆಯ ಮೇಲೆ ಕಪ್ಪು ವೃತ್ತಗಳು. ಒತ್ತಿದರೆ ಒಳ್ಳೆಯ ನಾಳ ಅಪ್ಪಚ್ಚಿಯಾಗಿ ಮಾಯವಾಗುತ್ತದೆ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಬಗ್ಗುವುದಿಲ್ಲ. ಮೇಲಿನಿಂದ ಎಲ್ಲವೂ ಬಗ್ಗುತ್ತಾ ಬಂದವು. ಮಂಡಿಯ ಕೆಳಗೊಂದು ಬಗ್ಗಲಿಲ್ಲ. ಎಷ್ಟು ಒತ್ತಿದರೂ ಬಗ್ಗಲಿಲ್ಲ.

"ಸ್ವಭಾವ" ಎಂದರು ಮೂಲೆಯಲ್ಲಿ ನಿಂತಿದ್ದ ಯಜಮಾನರು.

ಹೆಸರು ಫ್ಲೆಬೈಟಿಸ್. ನಾಳದ ಉರಿಯೂತ, ಜೊತೆಗೆ ಒಳಗೊಂದು ಹೆಪ್ಪು. ಕಾಲಿನಲ್ಲಿ ಹೃದಯಕ್ಕೆ ರಕ್ತ ವಾಪಸು ಒಯ್ಯುವ ನಾಳಗಳು ಎರಡು ಬಗೆಯಂತೆ. ಚರ್ಮದ ಕೆಳಗೇ ಹರಿಯುವವು ಒಂದು, ಮಾಂಸದ ಆಳದಲ್ಲಿರುವವು ಇನ್ನೊಂದು. ಆಳದ ನಾಳದಲ್ಲಿ ಹೆಪ್ಪುಗಟ್ಟಿದರೆ ಅದರ ಚೂರು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಅದು ಪ್ರಾಣಕ್ಕೆ ಬರುವ ಸಂಗತಿ. ನನ್ನದು ಮೇಲಿನ ನಾಳ. ಆದರೆ ಮೇಲಿನ ನಾಳವೂ ತೊಡೆಯ ಸಂದಿಯಲ್ಲಿ ಆಳದ್ದಕ್ಕೆ ಹೋಗಿ ಕೂಡುತ್ತದೆ. ಆ ಕೂಡುವ ಜಾಗಕ್ಕೆ 3 ಸೆಂಟಿಮೀಟರಿನೊಳಗೆ ಹೆಪ್ಪು ಬಂದಿದ್ದರೆ ಅದನ್ನೂ ಆಳದ್ದೆಂದೇ ತಿಳಿದು ಪೂರ್ತಿ ಔಷಧಿ ಕೊಡುತ್ತಾರೆ. ನನ್ನ ಹೆಪ್ಪು ಅಲ್ಲಿಂದ ಬಹಳ ದೂರದಲ್ಲಿತ್ತು. ಆದರೆ ಉದ್ದ 5 ಸೆಂಟಿಮೀಟರು ದಾಟಿತ್ತಾಗಿ ಸುಮ್ಮನೆ ಬಿಡುವಂತಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಇಂಜೆಕ್ಷನ್ನು, 45 ದಿನ. ಜೊತೆಗೆ ಬಿಸಿನೀರಿನ ಬಟ್ಟೆಯ ಶಾಖ, ಕಾಲಿಗೆ ಬಿಗಿಯಾದ ಕಾಲುಚೀಲ. ನೋವಿನ ಮಾತ್ರೆಯನ್ನು ಅಂಗಡಿಯಿಂದ ನಾನೇ ತಂದು ನುಂಗಕೂಡದು, ಈ ಇಂಜೆಕ್ಷನ್ನಿನ ಜೊತೆ ಸೇರಿದರೆ ಎಲ್ಲಾದರೂ ರಕ್ತಸ್ರಾವವಾದೀತು.

"ಯಾಕೆ ಬಂತು ಡಾಕ್ಟ್ರೇ? ನನಗೆ ಸಕ್ಕರೆ ಕೂಡ ಇಲ್ಲ" ಎಂದೆ, ತುಸು ಜಂಬದಲ್ಲೇ.

"ನಿಂತು ನಿಂತು" ಎಂದರು. ರಕ್ತ ಪಾದದಿಂದ ಎದೆಯವರೆಗೆ ಹತ್ತಿ ಬರಬೇಕು. ಕೆಳಗೆ ಜಾರದಂತೆ ನಾಳದೊಳಗೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ. ಮೇಲಕ್ಕೆ ದೂಡುವ ಕೆಲಸ ಮೀನಖಂಡದ ಸ್ನಾಯುವಿನದು, ಹೆಜ್ಜೆ ಹಾಕಿದಾಗಲೆಲ್ಲ ಅದು ಹಿಂಡುತ್ತದೆ. ಅಲುಗಾಡದೆ ನಿಂತವರ ಪಾದದ ನಾಳದಲ್ಲಿ ಒತ್ತಡ, ಬೀಪಿ ಅಳೆಯುವ ಲೆಕ್ಕದಲ್ಲೇ, ಸುಮಾರು 90 ಇರುತ್ತದೆ. ಅವರೇ ನಡೆಯತೊಡಗಿದರೆ 30ರ ಆಸುಪಾಸಿಗೆ ಇಳಿಯುತ್ತದೆ. ಉಬ್ಬುನರದಲ್ಲಿ ಕವಾಟಗಳು ಸರಿಯಾಗಿ ಮುಚ್ಚುವುದಿಲ್ಲ, ರಕ್ತ ಅಲ್ಲೇ ಮಡುಗಟ್ಟುತ್ತದೆ, ಮಡುಗಟ್ಟಿದ್ದು ಹೆಪ್ಪಾಗುತ್ತದೆ. "ಅದಕ್ಕೇ ಒಂದೇ ನಿಯಮ ಅಮ್ಮಾ. ನಿಲ್ಲಬೇಡಿ. ಇಲ್ಲ ನಡೀರಿ, ಇಲ್ಲ ಕಾಲನ್ನ ಎದೆಗಿಂತ ಮೇಲಿಟ್ಟು ಮಲಗಿ. ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂರೋದೂ ಬೇಡ."

ನಾನು ಮನಸ್ಸಿನಲ್ಲೇ ನನ್ನ ದಿನಚರಿ ತೆಗೆದು ನೋಡಿದೆ. ಹಾಲು ಉಕ್ಕದಂತೆ ಕಾಯಲು ನಿಲ್ಲುತ್ತೇನೆ. ದೋಸೆ ಹುಯ್ಯಲು ನಿಲ್ಲುತ್ತೇನೆ. ಎಲ್ಲರ ದೋಸೆ ಮುಗಿದು ನನ್ನ ದೋಸೆ ತಿನ್ನುವಾಗಲೂ ಕಾವಲಿಯ ಪಕ್ಕ ನಿಂತೇ ತಿನ್ನುತ್ತೇನೆ. ಪಾತ್ರೆ, ಇಸ್ತ್ರಿ, ಮಂಗಳಾರತಿ, ಸೊಪ್ಪಿನ ಗಾಡಿಯವನ ಹತ್ತಿರ ಚೌಕಾಸಿ, ಬಂದವರನ್ನು ಬೀಳ್ಕೊಡುತ್ತಾ ಗೇಟಿನ ಬಳಿ ಇನ್ನರ್ಧ ಗಂಟೆಯ ಮಾತು, ಎಲ್ಲವೂ ನಿಂತೇ. ಮನೆಗೆ ನನ್ನಿಂದ ಬೇಕಾಗಿದ್ದ ಭಂಗಿ ಅದೊಂದೇ. ಡಾಕ್ಟರು ಅದೊಂದನ್ನೇ ಕಿತ್ತುಕೊಂಡಿದ್ದರು. ಒಳಗೊಳಗೇ ಹಿಗ್ಗಿದೆ ಎಂದರೆ ತಪ್ಪಿಲ್ಲ. ಕಾಲು ಮೇಲಿಟ್ಟು ಮಲಗಿ ಎಂದು ಚೀಟಿಯಲ್ಲಿ ಬರೆದುಕೊಡಿ, ಸಹಿ ಮುದ್ರೆ ಎರಡೂ ಇರಲಿ ಎಂದು ಕೇಳಿ ಬರೆಸಿಕೊಂಡೆ.

ಮಲಗುವ ಆಸೆಯಲ್ಲಿ ಮನೆಗೆ ಬಂದವಳಿಗೆ ತೊಡಕು ಎದುರಾದದ್ದು ನಡುಮನೆಯ ದಿವಾನದ ಮೇಲೆ. ಕಾಲನ್ನು ಯಾವ ಕಡೆಗೆ ಚಾಚುವುದು?

ಪೂರ್ವದಲ್ಲಿ ದೇವರಮನೆ. ಆ ಮಾತೇ ಇಲ್ಲ. ದಕ್ಷಿಣದ ಗೋಡೆಯಲ್ಲಿ ಗಂಧದ ಹಾರ ಹಾಕಿಸಿಕೊಂಡ ಮಾವನವರು. ಬದುಕಿದ್ದಾಗ ಅವರೆದುರು ಕುರ್ಚಿಯಲ್ಲೂ ಕೂತವಳಲ್ಲ ನಾನು. ಅಲ್ಲದೆ ದಕ್ಷಿಣಕ್ಕೆ ಕಾಲು ಚಾಚಿದರೆ ತಲೆ ಉತ್ತರಕ್ಕೆ ಬರುತ್ತದೆ, ಉತ್ತರಕ್ಕೆ ತಲೆ ಹಾಕಿ ಮಲಗಬಾರದು. ಉತ್ತರಕ್ಕೆ ಕಾಲು ಚಾಚೋಣವೆಂದರೆ ಅಲ್ಲಿ ಬಾಗಿಲು; ಬಂದ ನೆಂಟರಿಗೆ ಮೊದಲ ದರ್ಶನ ನನ್ನ ಅಂಗಾಲಿನದು. ಪಶ್ಚಿಮದಲ್ಲಿ ಅತ್ತೆಯವರ ಆರಾಮ ಕುರ್ಚಿ. ಹಾಗೆಂದು ದಿಂಬಿನ ಮೇಲೆ ದಿಂಬಿಟ್ಟು, ಅದರ ಮೇಲೆ ಕಾಲಿಟ್ಟು, ಎಂಬತ್ತು ದಾಟಿದ ಹಿರಿಯರ ಮುಖಕ್ಕೆ ಸರಿಯಾಗಿ ಹಿಡಿಯುವುದೆ? ಸೊಸೆ ಫೋನಿನಲ್ಲಿ ದಿಕ್ಸೂಚಿ ತೆರೆದು ವಾಯವ್ಯ, ನೈಋತ್ಯ ಎಂದೆಲ್ಲ ಲೆಕ್ಕ ಹಾಕಿದಳು. ಒಂದರಲ್ಲಿ ತುಳಸಿ ಕಟ್ಟೆ ಅಡ್ಡ ಬಂತು, ಇನ್ನೊಂದರಲ್ಲಿ ಪುಸ್ತಕದ ಕಪಾಟು, ಅಲ್ಲಿ ಸರಸ್ವತಿ. ಭಾರತೀಯರ ಕಾಲಿಗೆ ನೆಲವೊಂದೇ ಗತಿ ಎಂದು ನಾನು ಇಳಿಬಿಡಲು ಹೊರಟಾಗ ಯಜಮಾನರಿಗೆ ಹೊಳೆಯಿತು. ಅತ್ತೆಯವರ ಕುರ್ಚಿಯನ್ನು ನನ್ನ ತಲೆಯ ಕಡೆಗೆ ತಂದರು. ಅದಿದ್ದ ಜಾಗಕ್ಕೆ ಟೀವಿ ಸರಿಸಿದರು. ಅಂದಿನಿಂದ ರಾತ್ರಿ ಒಂಬತ್ತರ ಚರ್ಚೆಯಲ್ಲಿ ಕಿರುಚುವವರಿಗೆಲ್ಲ ನನ್ನ ಪಾದದರ್ಶನ. ಮನೆಯಲ್ಲಿ ಯಾರಿಗೂ ಆಕ್ಷೇಪವಿರಲಿಲ್ಲ. ಅತ್ತೆಯವರಂತೂ "ಇನ್ನೊಂದು ದಿಂಬು ಹಾಕ್ಕೋ" ಎಂದರು.

ರಾತ್ರಿಗೆ ಮಂಚದ ಕಾಲಬದಿಯನ್ನು ಅರ್ಧ ಅಡಿ ಎತ್ತರಿಸಲು ಸಂಪು ಕಟ್ಟಿಸಿದಾಗ ಉಳಿದ ಇಟ್ಟಿಗೆಗಳು ಬಂದವು. ರಕ್ತ ನನ್ನ ಹೃದಯದ ಕಡೆಗೆ ಇಳಿಯಿತು, ಅದರ ಜೊತೆ ಯಜಮಾನರೂ ತಲೆದಿಂಬಿನ ಕಡೆಗೆ ಇಳಿದರು. ನಿದ್ದೆಯಲ್ಲಿ ಸರಿದು ಸರಿದು ಅವರ ತಲೆ ಮಂಚದ ಹಲಗೆಗೆ ತಾಗಿದಾಗ "ಟಕ್" ಎಂದು ಸದ್ದಾಗುತ್ತದೆ. ಹಾಲಿನವನು ಬರುವ ಹೊತ್ತು ತಿಳಿಯಲು ಈಗ ಅಲಾರಂ ಬೇಕಿಲ್ಲ.

ಅಡುಗೆಮನೆಯ ಸಂಗತಿ ಹೇಳಲು ಸಂಕಟ. ನಾನಿಲ್ಲದೆ ಒಲೆ ಹೊತ್ತುವುದಿಲ್ಲ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದವಳು. ಒಲೆ ಹೊತ್ತಿತು. ಸೊಸೆ ಮೀಟಿಂಗುಗಳ ನಡುವೆ ಸಾರು ಮಾಡಿದಳು, ಯಜಮಾನರು ಚಪಾತಿ ಒತ್ತಿದರು, ಮಗ ಪಾತ್ರೆ ತೊಳೆದ. ನಾನು ದಿವಾನದ ಮೇಲಿಂದ "ಉಪ್ಪು ಹಾಕಿದ್ರಾ? ಇಂಗು ನೀಲಿ ಡಬ್ಬಿಯಲ್ಲಿದೆ! ಒಗ್ಗರಣೆ ಸೀದ ವಾಸನೆ!" ಎಂದು ಕೂಗುತ್ತಿದ್ದೆ. ಯಾರೂ ಉತ್ತರಿಸುತ್ತಿರಲಿಲ್ಲ. ಸಾರು ಚೆನ್ನಾಗಿತ್ತು. ನನ್ನದಕ್ಕಿಂತ ಚೆನ್ನಾಗಿತ್ತು ಎಂದು ಹೇಳಲು ನನ್ನ ಕಾಲಿನ ಸ್ಥಿತಿ ಇನ್ನೂ ಸುಧಾರಿಸಬೇಕು.

ಇದನ್ನೆಲ್ಲ ನೋಡುತ್ತಿದ್ದ ಅತ್ತೆಯವರು ಒಂದು ಮಾತಾಡಿದರು, ಅದನ್ನು ನಾನು ಆ ಡಾಕ್ಟರಿಗೂ ಹೇಳಿದ್ದೇನೆ. "ನಮ್ಮ ಕಾಲದಲ್ಲಿ ಒಲೆ ನೆಲದ ಮೇಲಿತ್ತು. ಈಳಿಗೆಮಣೆ ನೆಲದ ಮೇಲೆ, ರುಬ್ಬುವ ಕಲ್ಲು ನೆಲದ ಮೇಲೆ. ಕೂರ್ತಿದ್ವಿ, ಏಳ್ತಿದ್ವಿ, ಬಾವಿಗೆ ನಡೀತಿದ್ವಿ. ಗ್ಯಾಸು ಬಂತು, ಕಟ್ಟೆ ಬಂತು, ಎಲ್ಲ ಸೊಂಟದ ಮಟ್ಟಕ್ಕೆ ಬಂತು. ನೀವು ಒಂದೇ ಕಡೆ ಕಂಬ ನಿಂತ ಹಾಗೆ ನಿಂತ್ರಿ. ಇನ್ನೇನಾಗುತ್ತೆ?" ನಾನು ಅದೇ ಕಟ್ಟೆಗಾಗಿ, ಅದರ ಮೇಲಿನ ಕರಿ ಗ್ರಾನೈಟಿಗಾಗಿ, ಯಜಮಾನರ ಹತ್ತಿರ ಎರಡು ದೀಪಾವಳಿ ಮಾತು ಬಿಟ್ಟವಳು. ಉಸಿರೆತ್ತದೆ ಕೇಳಿಸಿಕೊಂಡೆ.

ಉಸಿರೆತ್ತುವುದು ಈಗ ಅಷ್ಟು ಸುಲಭವೂ ಅಲ್ಲ. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಕೆಮ್ಮಿದರೆ ರಕ್ತ, ಇಡೀ ಕಾಲು ಊದಿಕೊಳ್ಳುವುದು, ಇವುಗಳಲ್ಲಿ ಯಾವುದೊಂದು ಕಂಡರೂ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಿಬರಬೇಕು ಎಂದು ಡಾಕ್ಟರು ಹೇಳಿದ್ದರು. ಯಜಮಾನರು ಅದನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ಇಷ್ಟು ವರ್ಷ ಈ ಮನೆಯಲ್ಲಿ ನಾನು ಬಿಟ್ಟ ನಿಟ್ಟುಸಿರುಗಳಿಗೆ ಲೆಕ್ಕವಿಲ್ಲ, ಪೇಪರಿನಿಂದ ತಲೆ ಎತ್ತಿ ಯಾರೂ ನೋಡಿದ್ದಿಲ್ಲ. ಈಗ ಒಂದು ನಿಟ್ಟುಸಿರು ಬಿಟ್ಟರೆ ಸಾಕು, ಓಡಿಬಂದು "ಏನೇ, ಏದುಸಿರಾ? ಎದೆ ನೋವ್ತಿದೆಯಾ?" ಎನ್ನುತ್ತಾರೆ. "ಇಲ್ಲಾರೀ, ನಿಮ್ಮ ತಂಗಿ ಫೋನ್ ಮಾಡಿದ್ಲು" ಎಂದರೆ ಸಮಾಧಾನವಾಗಿ ಹೋಗುತ್ತಾರೆ.

ಆ ನಾದಿನಿ ತೀರ್ಥಹಳ್ಳಿ ಕಡೆಗೆ ಕೊಟ್ಟವಳು. ಸುಶ್ರುತ ಸಂಹಿತೆಯಲ್ಲಿ ಜಿಗಣೆ ಹತ್ತಿಸುವ ಚಿಕಿತ್ಸೆಯಿದೆ ಎಂದು ಅವಳಿಗೆ ಯಾರೋ ಹೇಳಿದ್ದರು. ಇರುವುದು ನಿಜವೇ, ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವಿದೆ ಎಂದು 1884ರಲ್ಲಿ ಹೇಕ್ರಾಫ್ಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟಿದ್ದೂ ನಿಜ. "ಅತ್ತಿಗೆ, ಮಳೆಗಾಲಕ್ಕೆ ಬಂದುಬಿಡಿ. ನಮ್ಮ ತೋಟದಲ್ಲಿ ಇಂಬಳ ಬೇಕಾದಷ್ಟಿವೆ, ಕರೆಯೋದೂ ಬೇಡ, ಅವೇ ಹತ್ತುತ್ತವೆ" ಎಂದಳು. ರಕ್ತ ತೆಳುವಾಗಿಸುವ ಇಂಜೆಕ್ಷನ್ನು ಚುಚ್ಚಿಕೊಂಡು ಇಂಬಳದ ತೋಟಕ್ಕೆ ಹೋದರೆ ಏನಾದೀತೆಂದು ಡಾಕ್ಟರಿಗೆ ಫೋನು ಮಾಡಿ ಕೇಳಿದೆವು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಇಂಜೆಕ್ಷನ್ನು ಹೊಟ್ಟೆಯ ಕೊಬ್ಬಿಗೆ ಚುಚ್ಚುವಂಥದ್ದು. ಮೂತ್ರಪಿಂಡ ಸರಿಯಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಯೇ ಶುರು ಮಾಡಿದರು. ನರ್ಸು ಮೊದಲ ದಿನ ಹೇಳಿಕೊಡುತ್ತಾ "ಎರಡು ಬೆರಳಲ್ಲಿ ಚರ್ಮ ಹಿಡಿದುಕೊಳ್ಳಿ. ಕೆಲವರಿಗೆ ಹಿಡಿಯೋಕೆ ಏನೂ ಸಿಗಲ್ಲ" ಎಂದಳು. ನನ್ನನ್ನು ನೋಡಿ ಮಾತು ಅಲ್ಲಿಗೇ ನಿಲ್ಲಿಸಿದಳು. ಯಜಮಾನರು ಚುಚ್ಚುತ್ತೇನೆಂದು ಮುಂದೆ ಬಂದರು, ಸೂಜಿ ನೋಡಿ ಹಿಂದೆ ಹೋದರು. ನಾನೇ ಚುಚ್ಚಿಕೊಂಡೆ. 45 ದಿನ ಎಂದಾಗ ಅತ್ತೆಯವರಿಗೆ ಮಾತ್ರ ಸರಿಬರಲಿಲ್ಲ. "ಮಂಡಲ ಅಂದ್ರೆ 48. ಇಂಗ್ಲಿಷ್ ಔಷಧಿಯವರು ಅದರಲ್ಲೂ ಮೂರು ದಿನ ಉಳಿಸಿದರು ನೋಡು" ಎಂದರು.

ಕಾಲುಚೀಲದ್ದು ಬೇರೆಯೇ ಪುರಾಣ. ಕೊಡುವ ಮೊದಲು ಕಾಲಿಗೆ ರಕ್ತ ಇಳಿಸುವ ಧಮನಿಗಳು ಸರಿಯಾಗಿವೆಯೇ ನೋಡಬೇಕೆಂದು ಕಣಕಾಲಿಗೆ ಪಟ್ಟಿ ಸುತ್ತಿ ಬೀಪಿ ನೋಡಿದರು. ಅತ್ತೆಯವರಿಗೆ ಇದು ತುಸು ನೋವು ತಂದಿತು. ಇಷ್ಟು ವರ್ಷದಲ್ಲಿ ಅವರ ಬೀಪಿ ತೋಳು ದಾಟಿರಲಿಲ್ಲ. ಅಳತೆ ಕೊಡುವುದು ಬೆಳಿಗ್ಗೆ, ಕಾಲು ಊದಿಕೊಳ್ಳುವ ಮೊದಲು. ಹಾಕಿಕೊಳ್ಳುವುದೂ ಬೆಳಿಗ್ಗೆ, ಹಾಸಿಗೆ ಬಿಟ್ಟು ಇಳಿಯುವ ಮೊದಲು. ಕಣಕಾಲಿನಲ್ಲಿ ಅತಿ ಬಿಗಿ, ಮೇಲೆ ಬಂದಂತೆ ಸಡಿಲ. ಇಷ್ಟು ಕಿರಿದಾದ ಚೀಲದೊಳಗೆ ಇಷ್ಟು ದೊಡ್ಡ ಕಾಲು ಹೋಗುತ್ತದೆಂದು ನಂಬಲು ಭಕ್ತಿ ಬೇಕು. ಯಜಮಾನರು ಪಾತ್ರೆ ತೊಳೆಯುವ ರಬ್ಬರು ಗ್ಲೌಸು ಹಾಕಿಕೊಂಡು ಎಳೆದರು, ನಾನು ಮಂಚದ ಹಲಗೆ ಹಿಡಿದು ಹಿಂದಕ್ಕೆ ಜಗ್ಗಿದೆ. ಹಿಮ್ಮಡಿ ದಾಟುವಾಗ ಇಬ್ಬರೂ ದೇವರ ಹೆಸರು ಹೇಳಿದೆವು. ಮೀನಖಂಡಕ್ಕೆ ಬಂದಾಗ ಅವರು ಮಂಚದಿಂದ ಬಿದ್ದರು. ಬಿದ್ದ ಮೇಲೆ ನೋಡಿದರೆ ನನ್ನ ಕಾಲುಂಗುರಕ್ಕೆ ನೂಲು ಸಿಕ್ಕಿಕೊಂಡಿದೆ. ಕಾಲುಂಗುರ ತೆಗೆಯುವ ಮಾತೆತ್ತಿದರೆ ಅತ್ತೆಯವರು ಮಗನ ಆಯುಸ್ಸಿನ ಮಾತೆತ್ತುತ್ತಾರೆ. ಬೆರಳು ತೆರೆದಿರುವ ಚೀಲವೂ ಸಿಗುತ್ತದೆಂದು ಅಂಗಡಿಯವನು ಹೇಳಿ ನನ್ನ ಮುತ್ತೈದೆತನ ಉಳಿಸಿದ. ಬಣ್ಣಕ್ಕೆ ಅವನು "ಸ್ಕಿನ್ ಕಲರ್" ಎಂದ. ಯಾರ ಸ್ಕಿನ್ನೋ ತಿಳಿಯದು. ನನ್ನ ಒಂದು ಕಾಲು ಮೈಸೂರಿನದು, ಇನ್ನೊಂದು ಸ್ವಿಟ್ಜರ್ಲೆಂಡಿನದು.

ಯಜಮಾನರು ಬಿದ್ದ ಪೆಟ್ಟಿಗೆ ಶಾಖ ಕೊಟ್ಟುಕೊಳ್ಳುತ್ತಾ ಈ ಚೀಲವನ್ನು ಯಾರು ಕಂಡುಹಿಡಿದರೆಂದು ಹುಡುಕಿದರು. ಅಮೆರಿಕದ ಟೊಲೀಡೊ ಊರಿನ ಕಾನ್ರಾಡ್ ಜಾಬ್‌ಸ್ಟ್ ಎಂಬ ಎಂಜಿನಿಯರು. ಆತನಿಗೂ ಕಾಲಿನ ನಾಳದ ಕಾಯಿಲೆಯಿತ್ತು. ಈಜುಕೊಳದಲ್ಲಿ ನಿಂತಾಗ ಮಾತ್ರ ನೋವು ತಗ್ಗುವುದನ್ನು ಗಮನಿಸಿದ. ನೀರು ಆಳವಾದಷ್ಟೂ ಒತ್ತಡ ಹೆಚ್ಚು. ಪಾದದ ಬಳಿ ಜಾಸ್ತಿ, ಮೇಲಕ್ಕೆ ಬಂದಂತೆ ಕಮ್ಮಿ. ಅದೇ ಲೆಕ್ಕವನ್ನು ಬಟ್ಟೆಯಲ್ಲಿ ನೇಯಿಸಿ 1950ರ ಹೊತ್ತಿಗೆ ಚೀಲ ತಯಾರಿಸಿದ. "ಎಷ್ಟು ಬುದ್ಧಿವಂತ ನೋಡೇ" ಎಂದರು. "ಅವನಿಗೆ ಚೀಲ ಹಾಕುತ್ತಿದ್ದವರು ಯಾರು, ಅದನ್ನ ಹುಡುಕಿ" ಎಂದೆ.

ಅಲ್ಲಿಂದ ಮುಂದೆ ಅವರಿಗೆ ನಿಕ್ಸನ್ ಸಿಕ್ಕಿದರು. 1974ರ ಜೂನಿನಲ್ಲಿ, ವಾಟರ್‌ಗೇಟ್ ಹಗರಣ ಕುತ್ತಿಗೆಗೆ ಬಂದಿದ್ದಾಗ, ಅಮೆರಿಕದ ಅಧ್ಯಕ್ಷರಿಗೆ ಇದೇ ಫ್ಲೆಬೈಟಿಸ್, ಇದೇ ಎಡಗಾಲು. ಡಾಕ್ಟರರ ಮಾತು ಮೀರಿ ಈಜಿಪ್ಟ್ ಮೊದಲಾದ ಕಡೆ ಹೋಗಿ, ಮೆರವಣಿಗೆಗಳಲ್ಲಿ ಊದಿದ ಕಾಲಿನಲ್ಲೇ ನಿಂತು ಕೈಬೀಸಿದರು. ಆಗಸ್ಟಿನಲ್ಲಿ ಕುರ್ಚಿ ಹೋಯಿತು. ಸೆಪ್ಟೆಂಬರಿನಲ್ಲಿ ಹೆಪ್ಪಿನ ಚೂರು ಶ್ವಾಸಕೋಶ ಸೇರಿತು. ಅಕ್ಟೋಬರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಪ್ರಾಣದ ಅಂಚಿಗೆ ಹೋಗಿ ಬಂದರು. ಅವರದು ಆಳದ ನಾಳ, ನನ್ನದು ಮೇಲಿನದು ಎಂದು ನಾನು ಎಷ್ಟು ಹೇಳಿದರೂ ಯಜಮಾನರು ಕೇಳಲಿಲ್ಲ. ಹಾಲಿನವನಿಗೆ, ಕೊರಿಯರಿನವನಿಗೆ, ಸಂಜೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನನ್ನನ್ನು ನಡೆಸುವಾಗ ಎದುರಾದವರಿಗೆಲ್ಲ, ನಿಕ್ಸನ್ನಿಗೂ ನಮ್ಮ ಮನೆಯವಳಿಗೂ ಒಂದೇ ಕಾಯಿಲೆ ಎಂದು ಹೇಳಿಕೊಂಡು ಬಂದರು. ಅತ್ತೆಯವರ ಬೀಪಿ ಅಂದಿನಿಂದ ಎರಡನೆಯ ಸ್ಥಾನಕ್ಕಿಳಿಯಿತು.

ಇಂಜೆಕ್ಷನ್ ಮುಗಿಯಿತು, ಸ್ಕ್ಯಾನಿನಲ್ಲಿ ಆಳದ ನಾಳಗಳೆಲ್ಲ ಚೊಕ್ಕವಾಗಿದ್ದವು, ಹುರಿ ಮೆತ್ತಗಾಯಿತು, ಕೆಂಪು ಹೋಗಿ ಕಂದು ಗುರುತು ಉಳಿಯಿತು. ಉಬ್ಬುನರದ ಮೂಲಕ್ಕೇ ಲೇಸರು ಮಾಡಿಸುವ ವಿಚಾರ ಮುಂದೆ ನೋಡೋಣ ಎಂದರು ಡಾಕ್ಟರು. ಅಷ್ಟರಲ್ಲಿ ಸಂಬಂಧಿಕರ ಮದುವೆ ಬಂತು. ಛತ್ರದಲ್ಲಿ ಎಲ್ಲರೂ ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುತ್ತಿದ್ದರೆ ನಾನು ಮೂಲೆಯಲ್ಲಿ ಕೂತು, ಎದುರಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲಿಟ್ಟೆ. ರೇಷ್ಮೆ ಸೀರೆಯ ಅಂಚಿನಡಿಯಲ್ಲಿ ಸ್ವಿಟ್ಜರ್ಲೆಂಡ್ ಕಂಡಿತು. "ಏನ್ರೀ ಇದು?" ಎಂದು ಒಬ್ಬರು ಬಂದರು. ಹೇಳಿದೆ. ಅವರು ಅತ್ತಿತ್ತ ನೋಡಿ ತಮ್ಮ ಸೀರೆಯನ್ನು ನಾಲ್ಕು ಬೆರಳು ಎತ್ತಿ ತೋರಿಸಿದರು. ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಧಾರೆಯ ಹೊತ್ತಿಗೆ ಆ ಮೂಲೆಯಲ್ಲಿ ಕುರ್ಚಿಗಳು ಸಾಲದಾದವು. ಒಬ್ಬಾಕೆಗೆ ಈ ಚೀಲ ಅರಗಿನ ಬಣ್ಣದಲ್ಲಿ ಬೇಕಂತೆ. "ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಬಣ್ಣ" ಎಂದೆ, ಅಧಿಕಾರವಾಣಿಯಿಂದ.

ಊಟದ ಹೊತ್ತಿಗೆ ಅಡುಗೆ ಭಟ್ಟರೇ ಬಂದು ನಿಂತರು. ಪಂಚೆ ಎತ್ತಿದರೆ ಎರಡೂ ಕಾಲಲ್ಲಿ ನನ್ನದನ್ನು ಮೀರಿಸುವ ಗಂಟುಗಳು. "ಅಮ್ಮಾ, ಅದು ಗಂಡಸರಿಗೂ ಸಿಗುತ್ತಾ?"

"ಸಿಗುತ್ತೆ. ಡಾಕ್ಟರು ಹೇಳಿದ ಮೇಲೆ ಬೆಳಿಗ್ಗೆ ಎದ್ದ ತಕ್ಷಣ ಅಳತೆ ಕೊಡಿ."

"ನಾವು ಏಳೋದು ಮೂರು ಗಂಟೆಗೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಎಲ್ಲಿಂದಲೋ ಬಂದು ಭಟ್ಟರ ಹೆಗಲ ಮೇಲೆ ಕೈಯಿಟ್ಟರು. "ನೋಡಿ ಭಟ್ರೇ, ನೀವು ಹೀಗೆ ನಿರ್ಲಕ್ಷ್ಯ ಮಾಡಬಾರದು. ಹಿಂದೆ ನಿಕ್ಸನ್ ಅಂತ ಒಬ್ಬರು ಅಧ್ಯಕ್ಷರಿದ್ದರು..."

ಭಟ್ಟರು ಜಾಲರಿ ಸೌಟು ಕೆಳಗಿಳಿಸಿ ಶ್ರದ್ಧೆಯಿಂದ ಕೇಳಿದರು. "ಯಾವ ಸೊಸೈಟೀದು ಸ್ವಾಮಿ?"